ತರಗೆಲೆ, ಹಸಿ ಕಸ, ಒಂದು ನೋಟ್‌ಬುಕ್

ನಾನು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಪಾಠ ಮಾಡುತ್ತೇನೆ. ಇಂಗಾಲದ ಚಕ್ರ, ಮಣ್ಣಿನ ಸೂಕ್ಷ್ಮಜೀವಿಗಳು, ಮೀಥೇನ್ ಎಲ್ಲವನ್ನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಒಂದು ದಿನ ಕ್ಲಾಸ್ ಮುಗಿಸಿ ಹೊರಟಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ನಮ್ಮ ಮೆಸ್ಸಲ್ಲಿ ಉಳಿದಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

ನನಗೆ ಗೊತ್ತಿರಲಿಲ್ಲ. ಇಬ್ಬರೂ ಹೋಗಿ ನೋಡಿದೆವು. ಅಡುಗೆಮನೆ ಹಿಂದೆ ಸಾಲಾಗಿ ಡ್ರಮ್ಮುಗಳು. ಡ್ರಮ್ಮಿಂದ ಲಾರಿಗೆ, ಲಾರಿಯಿಂದ ಕಸದ ಗುಡ್ಡೆಗೆ. ಅಲ್ಲಿ ಗಾಳಿಯಾಡದೆ ಕೊಳೆತರೆ ಹುಟ್ಟುವುದು ಅದೇ ಮೀಥೇನ್. 100 ವರ್ಷದ ಲೆಕ್ಕ ಹಿಡಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುವ ಅನಿಲ. ಆ ಅಂಕಿಯನ್ನು ನಾನು ಅದೇ ವಾರ ಟೆಸ್ಟಿಗೆ ಕೇಳಿದ್ದೆ. ಎಲ್ಲರೂ ಸರಿಯಾಗಿಯೇ ಬರೆದಿದ್ದರು.

ಆ ಕಸವನ್ನು ನಾವೇ ಗೊಬ್ಬರ ಮಾಡೋಣ ಅಂತ ಏಳೆಂಟು ವಿದ್ಯಾರ್ಥಿಗಳು ಸೇರಿ ವಿಭಾಗದ ಹಿಂದೆ ಮೊದಲ ರಾಶಿ ಹಾಕಿದೆವು. ಮೆಸ್ಸಿನ ಹಸಿ ಕಸ, ಮೇಲೆ ಒಂದಿಷ್ಟು ಮಣ್ಣು. ಎರಡೇ ವಾರಕ್ಕೆ ನೊಣ, ಗಬ್ಬು ವಾಸನೆ, ಅಡಿಯಿಂದ ಕಪ್ಪು ನೀರು. ಪಕ್ಕದ ಕಟ್ಟಡದವರು ದೂರು ಕೊಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಕ್ಯಾಂಪಸ್ಸಿನ ತೋಟ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಹುಡುಗರೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರು ಬಂದು ಕೋಲಿನಿಂದ ರಾಶಿ ಕೆದಕಿ ಹೇಳಿದರು: "ಇದಕ್ಕೆ ಉಸಿರಾಡೋಕೆ ಜಾಗ ಎಲ್ಲಿದೆ ಮೇಡಂ? ಬರೀ ಹಸೀದೇ ಹಾಕಿದ್ದೀರಿ. ತರಗೆಲೆ ಬೆರೆಸಿ ನೋಡಿ." ಆ ತರಗೆಲೆಯನ್ನು ಅವರು ದಿನಾ ಬೆಳಿಗ್ಗೆ ಗುಡಿಸಿ ಸುಡುತ್ತಿದ್ದರು. ಅಂಗಳ ಚೊಕ್ಕಟವಾಗಿರಬೇಕು ಅಂತ ಅವರಿಗೆ ಮೇಲಿನಿಂದ ಹೇಳಿದ್ದರು. ಒಂದು ಕಡೆ ಒಣಗಿದ್ದನ್ನು ಸುಡುತ್ತಿದ್ದೆವು, ಇನ್ನೊಂದು ಕಡೆ ಅದೇ ಇಲ್ಲದೆ ಹಸಿ ಕಸ ಕೊಳೆಯುತ್ತಿತ್ತು. ನಡುವೆ ಇದ್ದದ್ದು 200 ಹೆಜ್ಜೆ.

ಅವರ ಮಾತನ್ನು ನಮ್ಮ ಪುಸ್ತಕ ಅಂಕಿಯಲ್ಲಿ ಹೇಳುತ್ತದೆ. ಗೊಬ್ಬರದ ರಾಶಿಯಲ್ಲಿ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಈಗ ನಾವು 1 ಬುಟ್ಟಿ ಹಸಿ ಕಸಕ್ಕೆ 3 ಬುಟ್ಟಿ ತರಗೆಲೆ ಹಾಕುತ್ತೇವೆ. ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಕನಿಷ್ಠ 1 ಮೀಟರ್ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ.

ಹೊಸ ರಾಶಿಯ ಐದನೇ ದಿನ ಬೆಳಿಗ್ಗೆ ಹೋದಾಗ ಅದರಿಂದ ಹಬೆ ಏಳುತ್ತಿತ್ತು. ಥರ್ಮಾಮೀಟರ್ ಚುಚ್ಚಿದರೆ 62 ಡಿಗ್ರಿ. ಒಬ್ಬ ಹುಡುಗ ನಂಬದೆ ಒಳಗೆ ಕೈ ಹಾಕಿ ತಟ್ಟನೆ ಹಿಂದಕ್ಕೆ ಎಳೆದುಕೊಂಡ. "ಇದನ್ನು ಯಾರೂ ಬಿಸಿ ಮಾಡ್ತಿಲ್ಲ ಅಲ್ವಾ ಮೇಡಂ?" ಎಂದ. ಬ್ಯಾಕ್ಟೀರಿಯಾಗಳ ಉಸಿರಾಟವೇ ಆ ಬಿಸಿ ಅಂತ ಅವನಿಗೆ ಹೇಳಿಕೊಡುವ ಕೆಲಸ ಇರಲಿಲ್ಲ. ಎರಡು ತಿಂಗಳ ಹಿಂದೆ ಅವನೇ ಅದನ್ನು ಪರೀಕ್ಷೆಯಲ್ಲಿ ಬರೆದಿದ್ದ. ಆ ಬೆಳಿಗ್ಗೆ ಅದು ಅವನ ಕೈಗೆ ಸಿಕ್ಕಿತು. ಇಂಥ ಬಿಸಿ 55 ಡಿಗ್ರಿಗಿಂತ ಮೇಲೆ ಕೆಲವು ದಿನ ನಿಂತರೆ ಹೆಚ್ಚಿನ ರೋಗಾಣುಗಳೂ ಕಳೆ ಬೀಜಗಳೂ ಸಾಯುತ್ತವೆ. 70 ದಾಟಿದರೆ ನಮಗೆ ಬೇಕಾದ ಜೀವಿಗಳೂ ಸಾಯುತ್ತವೆ, ಹಾಗಾಗಿ ಮಗುಚಿ ಗಾಳಿ ಕೊಡಬೇಕು.

ಗೊಬ್ಬರ ಮಾಡಲು ಕಲಿತ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಇಷ್ಟೊಂದು ಊಟ ಉಳಿಯುವುದೇಕೆ? ತಟ್ಟೆ ತೊಳೆಯುವ ಜಾಗದಲ್ಲಿ ತೂಕದ ಯಂತ್ರ ಇಟ್ಟೆವು. ಯಾರನ್ನೂ ಬೈಯಬಾರದು, ನೀತಿ ಬೋಧನೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಆ ದಿನದ ತೂಕವನ್ನು ಸುಮ್ನೆ ಬೋರ್ಡಿನ ಮೇಲೆ ಬರೆಯುತ್ತಿದ್ದೆವು, ಅಷ್ಟೇ. ತಟ್ಟೆಯಲ್ಲಿ ಬಿಟ್ಟದ್ದು ಬೇರೆ, ಪಾತ್ರೆಯಲ್ಲಿ ಉಳಿದದ್ದು ಬೇರೆ. ತಪ್ಪೆಲ್ಲ ತಟ್ಟೆಯದೇ ಅಂದುಕೊಂಡಿದ್ದೆವು. ಆದರೆ ಪಾತ್ರೆಯಲ್ಲಿ ಉಳಿಯುತ್ತಿದ್ದದ್ದೇ ಜಾಸ್ತಿ.

ಕಾರಣವನ್ನು ಅಡುಗೆ ಮಾಡುವ ಅಕ್ಕ ಒಬ್ಬರು ಹೇಳಿದರು. "ನಾಳೆ ಎಷ್ಟು ಜನ ಬರ್ತಾರೆ ಅಂತ ನಮಗೆ ಯಾರು ಹೇಳ್ತಾರೆ? ಕಮ್ಮಿ ಬಿದ್ದರೆ ಮಕ್ಕಳು ಹಸಿದುಕೊಂಡು ಹೋಗ್ತಾರೆ. ಅದಕ್ಕೇ ಜಾಸ್ತಿ ಮಾಡ್ತೀವಿ." ಹಸಿದು ಹೋಗಬಾರದು ಅನ್ನುವ ಕಾಳಜಿಯೇ ಡ್ರಮ್ಮಿಗೆ ಬೀಳುತ್ತಿತ್ತು. ಅವತ್ತಿನಿಂದ ಹಾಸ್ಟೆಲ್ ಬಾಗಿಲಲ್ಲಿ ಒಂದು ಹಾಳೆ ತೂಗುಹಾಕಿದೆವು. ನಾಳೆ ಊಟಕ್ಕೆ ಇರುವವರು ಹಿಂದಿನ ಸಂಜೆಯೇ ಗುರುತು ಹಾಕಬೇಕು. ಸಂಖ್ಯಾಶಾಸ್ತ್ರ ವಿಭಾಗದ ಇಬ್ಬರು ಪರೀಕ್ಷೆ, ರಜೆ ದಿನಗಳ ಲೆಕ್ಕ ತೆಗೆದುಕೊಟ್ಟರು. ಪಾತ್ರೆಯ ಉಳಿಕೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಯಾವ ಗೊಬ್ಬರಕ್ಕಿಂತಲೂ ಇದು ದೊಡ್ಡ ಕೆಲಸ ಅಂತ ನನಗೆ ಅನ್ನಿಸುತ್ತದೆ.

ಹತ್ತಿರದ ಶಾಲೆಯ ವಿಷಯದಲ್ಲಿ ನಾನು ಎಡವಿದೆ. ಚೀಲಗಟ್ಟಲೆ ಗೊಬ್ಬರ ಹೊತ್ತುಕೊಂಡು ಹೋಗಿ, ನಿಮಗೆ ಕೈತೋಟ ಮಾಡಿಕೊಡುತ್ತೇವೆ ಅಂದೆವು. ಅಲ್ಲಿನ ಮುಖ್ಯ ಶಿಕ್ಷಕಿ ಸಮಾಧಾನದಿಂದ ಕೇಳಿಸಿಕೊಂಡರು. ಗಿಡಕ್ಕೆ ನೀರಿಲ್ಲ, ರಜೆಯಲ್ಲಿ ನೋಡುವವರಿಲ್ಲ ಎಂದರು. ಅವರಿಗೆ ಬೇಕಾಗಿದ್ದದ್ದು ಬೇರೆ. ಓದುವುದರಲ್ಲಿ ಹಿಂದುಳಿದ ಮಕ್ಕಳ ಪಕ್ಕ ಕೂತು ಓದಿಸುವವರು. ನಾವು ಅದನ್ನು ಕೇಳಿಯೇ ಇರಲಿಲ್ಲ. ಗೊಬ್ಬರದ ಚೀಲ ಮೂಲೆಗಿಟ್ಟು, ವಾರಕ್ಕೆ ಎರಡು ದಿನ ಓದಿಸಲು ಹೋದೆವು. ಒಂದು ವರ್ಷ ಬರೀ ಅದೇ. ಆಮೇಲೆ ಮಕ್ಕಳೇ ಕೈ ತೊಳೆಯುವ ನೀರನ್ನು ಗಿಡಕ್ಕೆ ತಿರುಗಿಸಬಹುದಲ್ವಾ ಎಂದು ಕೇಳಿದರು. ಸಿವಿಲ್ ವಿಭಾಗದ ಹುಡುಗಿಯೊಬ್ಬಳು ಪೈಪು ಹಾಕಿಕೊಟ್ಟಳು. ತೋಟ ಆಗ ಬಂತು.

ಇದನ್ನು ಪಠ್ಯದೊಳಗೆ ತರಲು ಸಮಿತಿಯ ಮುಂದೆ ಕೂತಾಗ, ಕಸಕ್ಕೂ ಪದವಿಯ ಕ್ರೆಡಿಟ್ಟಿಗೂ ಏನು ಸಂಬಂಧ ಅಂತ ಪ್ರಶ್ನೆ ಬಂತು. ನಾನು 1990ರ ಟ್ಯಾಲ್ವಾರ್ ಘೋಷಣೆಯನ್ನು ತೆಗೆದುಕೊಂಡು ಹೋಗಿದ್ದೆ. ಫ್ರಾನ್ಸಿನ ಟ್ಯಾಲ್ವಾರ್‌ನಲ್ಲಿ ಸೇರಿದ್ದ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಪರಿಸರ ಉಳಿಸುವ ಬಗ್ಗೆ ಒಪ್ಪಿದ 10 ಅಂಶಗಳ ಕಾರ್ಯಸೂಚಿ ಅದು. ಸಂಸ್ಥೆ ತನ್ನದೇ ಅಂಗಳದಲ್ಲಿ ಸಂಪನ್ಮೂಲ ಉಳಿಸಿ ತೋರಿಸಬೇಕು ಅನ್ನುವುದೂ ಅದರಲ್ಲಿದೆ, ಶಾಲೆಗಳ ಜೊತೆ ಸೇರಿ ಕೆಲಸ ಮಾಡಬೇಕು ಅನ್ನುವುದೂ ಇದೆ. ಕ್ರೆಡಿಟ್ ಸಿಕ್ಕಿತು. ನಾನು ಗೊಬ್ಬರದ ತೂಕಕ್ಕೆ ಅಂಕ ಕೊಡುವುದಿಲ್ಲ. ನೋಟ್‌ಬುಕ್ಕಿಗೆ ಕೊಡುತ್ತೇನೆ. ಏನು ನೋಡಿದೆ, ಏನು ತಪ್ಪಾಯಿತು, ಯಾರನ್ನು ಕೇಳಿದೆ.

ಅದೇ ಸಭೆಯಲ್ಲಿ ಇನ್ನೊಂದು ಹಟ ಹಿಡಿದೆ. ರಾಶಿಯ ಕೆಲಸವನ್ನು ಅಣ್ಣನ ದಿನದ ಕೆಲಸದೊಳಗೇ ಲೆಕ್ಕ ಹಿಡಿಯಬೇಕು, ಹುಡುಗರಿಗೆ ಪಾಠ ಹೇಳುವ ಹೊತ್ತಿಗೆ ಅವರಿಗೆ ಸಂಬಳ ಸೇರಬೇಕು. ನಮ್ಮ ಭೂಮಿಯ ಕಾಳಜಿ ಅತಿ ಕಡಿಮೆ ಸಂಬಳದವರ ಬೆನ್ನಿಗೆ ಪುಕ್ಕಟೆ ಕೆಲಸವಾಗಿ ಬೀಳಬಾರದು. ಇದಕ್ಕೆ ಒಪ್ಪಿಗೆ ಸಿಗಲು ಕ್ರೆಡಿಟ್ಟಿಗಿಂತ ಜಾಸ್ತಿ ದಿನ ಹಿಡಿಯಿತು.

ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ. ರಾಶಿಗೆ ರಜೆ ಇಲ್ಲ. ಅದಕ್ಕೇ ಎರಡನೇ ವರ್ಷದವರು ಮೊದಲ ವರ್ಷದವರಿಗೆ ಕಲಿಸಿಯೇ ಹೋಗಬೇಕು, ನೋಟ್‌ಬುಕ್ ಕೈಯಿಂದ ಕೈಗೆ ದಾಟಬೇಕು. ಮೊನ್ನೆ ಹೊಸ ಹುಡುಗಿಯೊಬ್ಬಳು ರಾಶಿಯಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದಳು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿತು, ಸುರಿಯಲಿಲ್ಲ. ಹಿಂಡಿದ ಬಟ್ಟೆಯಷ್ಟು ತೇವ, ಅಷ್ಟೇ ಇರಬೇಕು. ಪಕ್ಕದಲ್ಲಿ ನಿಂತಿದ್ದ ಅಣ್ಣನ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಕೈ ಒರೆಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಳು: "58 ಡಿಗ್ರಿ. ತೇವ ಸರಿಯಿದೆ. ನಾಳೆ ಮಗುಚಬೇಕು."