ಮೆಷೀನ್ ಅದುರಿಗೆ ಬೆರಳು ಜೋಮು ಹಿಡಿಯುತ್ತಿದೆಯಾ? ಇವತ್ತಿನಿಂದಲೇ ಹೀಗೆ ಮಾಡಿ

ದಿನವಿಡೀ ಗ್ರೈಂಡರ್, ಕಾಂಕ್ರೀಟ್ ಒಡೆಯುವ ಬ್ರೇಕರ್, ಡ್ರಿಲ್ ಹಿಡಿಯುವವರಿಗೆ ಸಂಜೆ ಬೆರಳು ಜುಮ್ಮೆನ್ನುವುದು ಮಾಮೂಲಿ ಆಗಿಬಿಟ್ಟಿರುತ್ತದೆ. ಸ್ವಲ್ಪ ಹೊತ್ತಿಗೆ ಹೋಗುತ್ತದೆ, ಅಷ್ಟೇ ಅಲ್ವಾ ಅಂತ ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ಅದುರಿನಿಂದ ಬೆರಳಿನ ನರ, ರಕ್ತನಾಳಕ್ಕೆ ಪೆಟ್ಟಾಗುತ್ತಿದೆ ಅನ್ನುವುದಕ್ಕೆ ಆ ಜೋಮು ಮೊದಲ ಸೂಚನೆ. ಈಗಲೇ ಅದುರು ಕಡಿಮೆ ಮಾಡಿದರೆ ತೊಂದರೆ ಬೆಳೆಯದಂತೆ ತಡೆಯಬಹುದು. ನರ ಹಾಳಾದ ಮೇಲೆ ಅದನ್ನು ಮೊದಲಿನಂತೆ ಮಾಡುವ ಮಾತ್ರೆ ಇಲ್ಲ.

ಇದು ಹೊಸ ಕಾಯಿಲೆಯೂ ಅಲ್ಲ. 1918ರಲ್ಲೇ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಗಾಳಿಯ ಒತ್ತಡದ ಸುತ್ತಿಗೆ ಹಿಡಿಯುತ್ತಿದ್ದ ಇಂಡಿಯಾನಾದ ಕಲ್ಲುಕುಟಿಗರ ಬೆರಳು ಚಳಿಗೆ ಬೆಳ್ಳಗಾಗುವುದನ್ನು ನೋಡಿ ವರದಿ ಬರೆದಿದ್ದರು.

ಮೊದಲು ಕೈ ನೋಡಿಕೊಳ್ಳಿ. ಚಳಿಯಲ್ಲಿ ಅಥವಾ ಒದ್ದೆಯಾದಾಗ ಬೆರಳ ತುದಿ ಬೆಳ್ಳಗಾಗಿ, ಆಮೇಲೆ ಕೆಂಪಾಗಿ ನೋಯುತ್ತದೆಯಾ? ಅಂಗಿ ಗುಂಡಿ ಹಾಕಲು, ಸಣ್ಣ ಸ್ಕ್ರೂ ಎತ್ತಲು ಕಷ್ಟವಾಗುತ್ತದೆಯಾ? ರಾತ್ರಿ ಕೈ ಮರಗಟ್ಟಿ ಎಚ್ಚರವಾಗುತ್ತದೆಯಾ? ಯಾವ ಬೆರಳು, ಯಾವಾಗ ಅಂತ ಬರೆದಿಡಿ. ಬೆಳ್ಳಗಾದ ಕ್ಷಣವೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಯಾಕೆಂದರೆ ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಬಣ್ಣ ವಾಪಸ್ ಬಂದಿರುತ್ತದೆ.

ಆಮೇಲೆ ಸಮಯದ ಲೆಕ್ಕ. ಮೆಷೀನ್ ಜೊತೆ ಬರುವ ಪುಸ್ತಕದಲ್ಲಿ ಅದುರಿನ ಅಂಕಿ ಇರುತ್ತದೆ, ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ (m/s²). ಯುರೋಪಿನ ನಿಯಮದ ಪ್ರಕಾರ 8 ಗಂಟೆಯ ದಿನಕ್ಕೆ ಲೆಕ್ಕ ಹಾಕಿದಾಗ 2.5 ದಾಟಿದರೆ ಮಾಲೀಕರು ಅದುರು ತಗ್ಗಿಸುವ ಕ್ರಮ ತೆಗೆದುಕೊಳ್ಳಬೇಕು, 5 ದಾಟುವಂತೆಯೇ ಇಲ್ಲ. 5 ಅಂಕಿಯ ಮೆಷೀನನ್ನು 2 ಗಂಟೆ ಓಡಿಸಿದರೆ ಆ 2.5 ಮುಟ್ಟಿದಿರಿ. 10 ಅಂಕಿಯದ್ದಾದರೆ ಅರ್ಧ ಗಂಟೆಯೇ ಸಾಕು! ಅದುರು ಎರಡು ಪಟ್ಟಾದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ, ಇದೊಂದು ನೆನಪಿಟ್ಟುಕೊಳ್ಳಿ. ಮೆಷೀನ್ ನಿಜವಾಗಿ ಓಡಿದ ಸಮಯ ಮಾತ್ರ ಲೆಕ್ಕಕ್ಕೆ. ಹಾಗಾಗಿ ಒಬ್ಬರೇ ಇಡೀ ದಿನ ಹಿಡಿಯುವ ಬದಲು ಇಬ್ಬರು ಮೂವರು ಸರದಿಯಲ್ಲಿ ಮಾಡಿ.

ಸವೆದ ಡಿಸ್ಕ್, ಮೊಂಡಾದ ಉಳಿ, ಸಡಿಲವಾದ ಹಿಡಿ, ಇವೆಲ್ಲ ಅದುರು ಜಾಸ್ತಿ ಮಾಡುತ್ತವೆ, ಬದಲಾಯಿಸಿ. ಮೆಷೀನನ್ನು ಬಿಗಿಯಾಗಿ ಅಮುಕಬೇಡಿ, ಹತೋಟಿಗೆ ಬೇಕಾದಷ್ಟೇ ಹಿಡಿಯಿರಿ. ಕೈ ಬೆಚ್ಚಗಿರಲಿ. ಬೀಡಿ ಸಿಗರೇಟು ರಕ್ತನಾಳವನ್ನು ಇನ್ನಷ್ಟು ಕಿರಿದು ಮಾಡುತ್ತವೆ, ಬಿಟ್ಟರೆ ಬೆರಳಿಗೂ ಒಳ್ಳೆಯದು. ಅದುರು ತಡೆಯುವ ಗ್ಲೌಸ್ ಅಂತ ಮಾರುತ್ತಾರಲ್ಲ, ಅದನ್ನೇ ನಂಬಿ ಕೂರಬೇಡಿ. ಬ್ರೇಕರ್‌ನಂಥ ನಿಧಾನದ ದೊಡ್ಡ ಅದುರನ್ನು ಅದು ಅಷ್ಟಾಗಿ ತಡೆಯುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಕೈ ಜೋಮಿಗೆ ಮೆಷೀನ್ ಒಂದೇ ಕಾರಣ ಇರಬೇಕಾಗಿಲ್ಲ. ಕೆಲವು ಅಂಟು, ಗ್ರೀಸ್ ತೆಗೆಯುವ ದ್ರಾವಣಗಳಲ್ಲಿ ಎನ್-ಹೆಕ್ಸೇನ್ ಅನ್ನುವ ರಾಸಾಯನಿಕ ಇರುತ್ತದೆ. ಅದರ ಆವಿಯನ್ನು ತಿಂಗಳುಗಟ್ಟಲೆ ಉಸಿರಾಡಿದರೆ ನರಗಳು ಹಾಳಾಗುತ್ತವೆ. ಸಾಮಾನ್ಯವಾಗಿ ಜೋಮು ಕಾಲ್ಬೆರಳಿನಿಂದ ಶುರುವಾಗಿ ಆಮೇಲೆ ಕೈಗೆ ಬರುತ್ತದೆ. ಹಾಗಾಗಿ ಕಾಲೂ ಜೋಮು ಹಿಡಿಯುತ್ತಿದ್ದರೆ ಡಬ್ಬಿಯ ಮೇಲೆ ಏನು ಬರೆದಿದೆ ಓದಿ. ಆ ವಸ್ತುವಿನ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. ಅದರ 2ನೇ ಭಾಗದಲ್ಲಿ ಅಪಾಯ, 8ನೇ ಭಾಗದಲ್ಲಿ ಯಾವ ಗ್ಲೌಸ್, ಯಾವ ಮಾಸ್ಕ್ ಅಂತ ಇರುತ್ತದೆ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಆವಿಯನ್ನು ತಡೆಯಲಾರವು. ದಿನದ ಕೊನೆಗೆ ಥಿನ್ನರ್‌ನಲ್ಲಿ ಕೈ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಅದು ಚರ್ಮದ ಜಿಡ್ಡನ್ನೆಲ್ಲ ತೆಗೆದು ಒಡಕು ತರುತ್ತದೆ, ಚರ್ಮದ ಮೂಲಕ ಒಳಗೂ ಹೋಗುತ್ತದೆ. ಸೋಪು, ನೀರು ಸಾಕು.

ಡಾಕ್ಟರ ಹತ್ತಿರ ಹೋದಾಗ ಬರೀ "ಕೈ ಜೋಮು" ಅನ್ನಬೇಡಿ. ಯಾವ ಮೆಷೀನ್, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷದಿಂದ, ಯಾವ ದ್ರಾವಣ ಬಳಸುತ್ತೀರಿ, ಎಲ್ಲ ಹೇಳಿ. ಸಕ್ಕರೆ ಕಾಯಿಲೆಯಲ್ಲೂ ಹೀಗೇ ಆಗುವುದರಿಂದ ಅದನ್ನೂ ಪರೀಕ್ಷೆ ಮಾಡಿಸಿ, ಆ ಫೋಟೋ ತೋರಿಸುವುದನ್ನು ಮರೆಯಬೇಡಿ.