ಮೀಟರ್ ಏರಿದ್ದೆಲ್ಲ ಹೈಡ್ರೋಜನ್ ಅಲ್ಲ

ತುಮಕೂರಿನ ನಮ್ಮ ಲ್ಯಾಬ್‌ನಲ್ಲಿ ಪಾಲಿಥಯೋಫೀನ್ ಅನ್ನೋ ಕರೆಂಟ್ ಹರಿಸಬಲ್ಲ ಪಾಲಿಮರ್‌ನ ಫಿಲ್ಮ್ ಮೇಲೆ ಬೆಳಕು ಬಿಟ್ಟು ನೀರಿನಿಂದ ಹೈಡ್ರೋಜನ್ ತೆಗೆಯುವ ಕೆಲಸಕ್ಕೆ ಇಳಿದಿದ್ದೆ. ಬೆಳಕಿನಿಂದ ನೀರು ಒಡೆಯಬಹುದು ಅಂತ 1972ರಲ್ಲಿ ಫುಜಿಶಿಮಾ ಮತ್ತು ಹೊಂಡಾ ತೋರಿಸಿದ್ದು ಟೈಟಾನಿಯಂ ಡೈಆಕ್ಸೈಡ್‌ನಲ್ಲಿ. ಅದಕ್ಕೆ ಅತಿನೇರಳೆ ಬೆಳಕೇ ಬೇಕು. ಪಾವಗಡದ ಬಿಸಿಲಲ್ಲೂ ಅದರ ಪಾಲು ಕಡಿಮೆ. ಪಾಲಿಥಯೋಫೀನ್ ಕಣ್ಣಿಗೆ ಕಾಣುವ ಬೆಳಕನ್ನೇ ಹೀರುತ್ತದೆ.

ಈ ಪಾಲಿಮರ್‌ನ ಕಚ್ಚಾವಸ್ತುವಾದ ಬೈಥಯೋಫೀನ್ ಮತ್ತು ಲಿಥಿಯಂ ಪರ್ಕ್ಲೋರೇಟ್ ಅನ್ನೋ ಲವಣವನ್ನು ಅಸಿಟೋನೈಟ್ರೈಲ್ ಅನ್ನೋ ದ್ರಾವಕದಲ್ಲಿ ಕರಗಿಸಿಕೊಂಡೆ. ಅದರಲ್ಲಿ ಎಫ್‌ಟಿಒ ಗಾಜನ್ನು (ಕರೆಂಟ್ ಹರಿಯುವ ಲೇಪ ಇರುವ ಗಾಜು) ಇಳಿಬಿಟ್ಟು, ವೋಲ್ಟೇಜ್ ಹಿಡಿತದಲ್ಲಿಡುವ ಪೊಟೆನ್ಶಿಯೋಸ್ಟಾಟ್ ಉಪಕರಣದಿಂದ ವೋಲ್ಟೇಜ್ ಕೊಟ್ಟರೆ ಗಾಜಿನ ಮೇಲೆ ಕಡುನೀಲಿ ಪದರ ಕೂರುತ್ತದೆ. ವೋಲ್ಟೇಜ್ ಇಳಿಸಿದಾಗ ಅದೇ ಪದರ ಕಣ್ಣೆದುರೇ ಕೆಂಪಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ನಮಗೆ ಬೇಕಾದ ಸೆಮಿಕಂಡಕ್ಟರ್ ಈ ಕೆಂಪು ಫಿಲ್ಮೇ. ದಪ್ಪ ಇದ್ದರೆ ಬೆಳಕು ಜಾಸ್ತಿ ಹೀರುತ್ತದೆ ನಿಜ, ಆದರೆ ಎಲೆಕ್ಟ್ರಾನ್‌ಗಳು ನೀರು ಮುಟ್ಟುವ ಮೊದಲೇ ಕಳೆದುಹೋಗುತ್ತವೆ. ಮೇಲಾಗಿ ಫಿಲ್ಮ್ ಬತ್ತಿದ ಕೆರೆಯ ಮಣ್ಣಿನ ಹಾಗೆ ಬಿರಿದು ಏಳುತ್ತದೆ.

ನೀರು ಮಾತ್ರ ಡಿಸ್ಟಿಲ್ಡ್ ಆಗಿರಲೇಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಉಪ್ಪು, ಸುಣ್ಣ ಎಲ್ಲಾ ಲೆಕ್ಕವನ್ನೂ ಕೆಡಿಸುತ್ತದೆ. ಡಿಸ್ಟಿಲ್ಡ್ ನೀರಿಗೆ ಕರೆಂಟ್ ಹರಿಯಲೆಂದು ಸೋಡಿಯಂ ಸಲ್ಫೇಟ್ ಹಾಕಿ, ಫಿಲ್ಮ್ ಇಳಿಸಿ, ಎದುರಿಗೆ ಪ್ಲಾಟಿನಂ ತಂತಿ ಇಟ್ಟೆ. ದೀಪದ ಮುಂದೆ ರಟ್ಟು ಹಿಡಿದು ತೆಗೆದಂತೆಲ್ಲ ಕರೆಂಟಿನ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯಿತು. ಪಕ್ಕದಲ್ಲಿದ್ದ ಜೂನಿಯರ್ ಹಿಗ್ಗಿಬಿಟ್ಟ. "ಸಾರ್, ಹೈಡ್ರೋಜನ್ ಬಂತಲ್ವಾ?"

"ತಡಿಯಪ್ಪ, ನೈಟ್ರೋಜನ್ ಬಿಡೋಣ."

ನೀರೊಳಗೆ ನೈಟ್ರೋಜನ್ ಗುಳುಗುಳು ಅಂತ ಹರಿದು, ಕರಗಿದ್ದ ಆಕ್ಸಿಜನ್ನನ್ನು ಹೊರದಬ್ಬಿದಂತೆ ಆ ಮೆಟ್ಟಿಲುಗಳು ಕುಗ್ಗುತ್ತಾ ಹೋದವು. ನೀರಲ್ಲಿ ಕರಗಿದ್ದ ಗಾಳಿಯ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ಸುಲಭವಾಗಿ ಕಸಿದುಕೊಳ್ಳುತ್ತಿತ್ತು, ಅಷ್ಟೇ. ಅದರಿಂದ ಹೈಡ್ರೋಜನ್ ಪೆರಾಕ್ಸೈಡೂ ಹುಟ್ಟಬಹುದು. ಈ ಪರೀಕ್ಷೆ ಇಲ್ಲದ ಗ್ರಾಫ್ ತೋರಿಸಿದರೆ ನಾನು ನಂಬುವುದಿಲ್ಲ, ಯಾರದ್ದೇ ಇರಲಿ.

ಉಳಿದ ಸಣ್ಣ ಕರೆಂಟೂ ಪೂರ್ತಿ ಬೆಳಕಿನದಲ್ಲ. ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು. ಅದರಲ್ಲಿ ಒಂದು ಪಾಲನ್ನು ಪೊಟೆನ್ಶಿಯೋಸ್ಟಾಟ್ ಹೊರಗಿನಿಂದ ತುಂಬುತ್ತಿರುತ್ತದೆ. ಜೊತೆಗೆ ಬರಿಯ ಪಾಲಿಮರ್ ಮೇಲೆ ಹೈಡ್ರೋಜನ್ ಹುಟ್ಟುವುದು ಬಲು ನಿಧಾನ. ಅದನ್ನು ಚುರುಕು ಮಾಡಲು ಈಗ ಫಿಲ್ಮ್ ಮೇಲೆ ಪ್ಲಾಟಿನಂನ ಸಣ್ಣ ಕಣ ಕೂರಿಸುತ್ತಿದ್ದೇನೆ. ಸೆಲ್ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಮೇಲೆ ಸೇರಿದ ಗ್ಯಾಸನ್ನು ಸಿರಿಂಜ್‌ನಲ್ಲಿ ಎಳೆದು, ಗ್ಯಾಸ್‌ಗಳನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಕೊಡುತ್ತೇನೆ. ಅಲ್ಲಿ ಹೈಡ್ರೋಜನ್ ಗೆರೆ ಎದ್ದರೆ ಮಾತ್ರ ಜೂನಿಯರ್‌ಗೆ "ಹೂಂ" ಅನ್ನುತ್ತೇನೆ.