ಅಮೆರಿಕದ ಆದಾಯ, ವಿಮೆ ಲೆಕ್ಕ: ಗ್ರಾಫ್ ಎಳೆಯುವ ಮುಂಚೆ

ಅಮೆರಿಕದ ಸೆನ್ಸಸ್ ಬ್ಯೂರೋ ಪ್ರತಿ ಸೆಪ್ಟೆಂಬರಿನಲ್ಲಿ ಮನೆಗಳ ಆದಾಯ ಮತ್ತು ಆರೋಗ್ಯ ವಿಮೆಯ ವರದಿ ಹೊರತರುತ್ತದೆ. ಅದರ ಬೆನ್ನಿಗೇ ಜನ ಗ್ರಾಫ್ ಎಳೆಯಲು ಕೂರುತ್ತಾರೆ, ಹತ್ತರಲ್ಲಿ ಎಂಟು ಸಲ ತಪ್ಪು ಎಳೆಯುತ್ತಾರೆ.

ಹಂತ 1: ಬ್ಯೂರೋದ ಜಾಲತಾಣದಿಂದ ಮೂಲ ಕೋಷ್ಟಕ ಇಳಿಸಿಕೊಳ್ಳಿ, ಪುಕ್ಕಟೆ. ವಾಟ್ಸಾಪ್‌ನಲ್ಲಿ ಓಡಾಡುವ ಬಣ್ಣದ ಚಾರ್ಟ್ ಬೇಡ. ಅಡಿಟಿಪ್ಪಣಿ ಇಲ್ಲದ ಚಾರ್ಟ್ ಯಾವ ಕೆಲಸಕ್ಕೂ ಬಾರದು.

ಹಂತ 2: ಸರಾಸರಿ ಬಿಟ್ಟು ಮಧ್ಯಾಂಕ ಹಿಡಿಯಿರಿ. 2023ರಲ್ಲಿ ಅದು 80,610 ಡಾಲರ್. ಅರ್ಧ ಮನೆಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ.

ಹಂತ 3: ಗಿನಿ ಸೂಚ್ಯಂಕ, ಅಂದರೆ ಆದಾಯದ ಅಸಮಾನತೆಯ ಅಳತೆ. ಎಡವುವುದು ಇಲ್ಲೇ. ಸೊನ್ನೆ ಅಂದರೆ ಎಲ್ಲ ಮನೆಗೂ ಒಂದೇ ಆದಾಯ, 1 ಅಂದರೆ ಪೂರ್ತಿ ಆದಾಯ ಒಂದೇ ಮನೆಗೆ. 1968ರಲ್ಲಿ 0.386 ಇತ್ತು, 2022ರಲ್ಲಿ 0.488. ಅಸಮಾನತೆ ಏರಿದ್ದು ನಿಜ. ಆದರೆ 1992ರಿಂದ 1993ಕ್ಕೆ ನೋಡಿ: ಒಂದೇ ವರ್ಷದಲ್ಲಿ ಸುಮಾರು 0.43ರಿಂದ 0.45ಕ್ಕೆ ನೆಗೆತ. 1993ರ ಆದಾಯ ಕೇಳುವಾಗ ಈ ವರದಿಗೆ ಆಧಾರವಾದ ಸಮೀಕ್ಷೆ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂತು, ಭಾರೀ ಆದಾಯ ದಾಖಲಿಸುವ ಮಿತಿಯನ್ನೂ ಏರಿಸಿದರು. ಮೊದಲು ಲೆಕ್ಕಕ್ಕೆ ಸಿಗದ ಹಣ ಈಗ ಸಿಕ್ಕಿತು. ನೆಗೆತದಲ್ಲಿ ಅದರ ಪಾಲೂ ಇದೆ. ಹಾಗಾಗಿ ಅಲ್ಲಿ ಗೆರೆ ಕಡಿಯಿರಿ. ಸ್ಪ್ರೆಡ್‌ಶೀಟಿನಲ್ಲಿ ಎರಡು ವರ್ಷಗಳ ನಡುವೆ ಒಂದು ಸಾಲು ಖಾಲಿ ಬಿಟ್ಟರೆ ಸಾಕು. ಗೆರೆಯನ್ನು ನುಣ್ಣಗೆ ಮಾಡುವ ಬಟನ್ ಇರುತ್ತಲ್ಲ, ಅದನ್ನು ಮುಟ್ಟಲೇಬೇಡಿ.

ಎಡವುವ ಜಾಗ ಇನ್ನೊಂದಿದೆ: ತೆರಿಗೆಗೆ ಮುಂಚಿನ ಲೆಕ್ಕವೋ, ನಂತರದ್ದೋ? 2022ರಲ್ಲಿ ಮುಂಚಿನ ಗಿನಿ ಶೇ 1.2ರಷ್ಟು ಇಳಿಯಿತು, ನಂತರದ್ದು ಶೇ 3.2ರಷ್ಟು ಏರಿತು! ನಂತರದ ಲೆಕ್ಕಕ್ಕೆ ಮಾತ್ರ ಸೇರುವ ಕೋವಿಡ್ ಕಾಲದ ನೆರವಿನ ಚೆಕ್, ಮಕ್ಕಳಿಗೆಂದು ಹೆಚ್ಚಿಸಿದ್ದ ತೆರಿಗೆ ರಿಯಾಯಿತಿ 2021ಕ್ಕೇ ಮುಗಿದಿದ್ದವು. ಹೊಡೆತ ಬಿದ್ದದ್ದು ಕಡಿಮೆ ಆದಾಯದ ಮನೆಗಳಿಗೆ ಜಾಸ್ತಿ. ಎರಡೂ ಗೆರೆ ಹಾಕಿ. ಒಂದನ್ನೇ ಹಾಕುವ ಹಾಗಿದ್ದರೆ ಗ್ರಾಫೇ ಬೇಡ.

ಹಂತ 4: ವಿಮೆ. ಇಲ್ಲಿ ಎಣಿಸುವುದು ಮನೆಯನ್ನಲ್ಲ, ತಲೆಯನ್ನು. 2022ರಲ್ಲಿ ಖಾಸಗಿ ವಿಮೆ ಇದ್ದವರು ಶೇ 65.6, ಸರ್ಕಾರಿ ವಿಮೆ ಇದ್ದವರು ಶೇ 36.1. ಕೂಡಿದರೆ 101.7 ಆಯ್ತು, ವಿಮೆಯೇ ಇಲ್ಲದ ಶೇ 7.9 ಮಂದಿ ಇನ್ನೂ ಹೊರಗೇ ನಿಂತಿದ್ದಾರೆ. ಸ್ನೇಹಿತರೊಬ್ಬರು ಇದನ್ನೇ ಪೈ ಚಾರ್ಟ್ ಮಾಡಿ ಹೆಮ್ಮೆಯಿಂದ ಕಳಿಸಿದ್ದರು! ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆ) ಇರುವ ವೃದ್ಧರ ಹತ್ತಿರ ಖಾಸಗಿ ಪಾಲಿಸಿಯೂ ಇರಬಹುದು, ಅವರು ಎರಡೂ ಕಡೆ ಎಣಿಕೆಯಾಗುತ್ತಾರೆ. ಬಾರ್ ಚಾರ್ಟ್ ಹಾಕಿ, ಸಾಕು.

ಈ ವರದಿಯಲ್ಲಿ ‘ವಿಮೆ ಇಲ್ಲದವರು’ ಅಂದರೆ ವರ್ಷದಲ್ಲಿ ಒಂದು ದಿನವೂ ವಿಮೆ ಇರದವರು. ಇದೇ ಬ್ಯೂರೋದ ಇನ್ನೊಂದು ದೊಡ್ಡ ಸಮೀಕ್ಷೆ ‘ಈಗ ಇದೆಯಾ?’ ಎಂದು ಕೇಳುತ್ತದೆ. ಎರಡನ್ನೂ ಒಂದೇ ಗೆರೆಗೆ ಸುಮ್ನೆ ಅಂಟಿಸಬೇಡಿ. 2013ರ ಲೆಕ್ಕಕ್ಕೆ ಪ್ರಶ್ನೆಗಳೇ ಬದಲಾದವು, ಹೆಚ್ಚು ಜನಕ್ಕೆ ವಿಮೆ ಸಿಗಲೆಂದು ತಂದ ಕಾನೂನು ಒಬಾಮಾಕೇರ್‌ನ ಮುಖ್ಯ ಭಾಗ ಜಾರಿಗೆ ಬಂದದ್ದು 2014ರಲ್ಲಿ. 2012ರಿಂದ ಎಳೆದರೆ ಕಾನೂನಿನ ಫಲ ಯಾವುದು, ಪ್ರಶ್ನೆ ಬದಲಾದದ್ದರ ಫಲ ಯಾವುದು ಎಂದು ಬಿಡಿಸಲಾಗದು. 2013ರಿಂದ ಶುರು ಮಾಡಿ. 2018ರ ಲೆಕ್ಕಕ್ಕೆ ಸಮೀಕ್ಷೆಯ ಮಾಹಿತಿ ಸಂಸ್ಕರಣೆಯ ಕ್ರಮವೂ ಬದಲಾಯಿತು, ಅಲ್ಲೂ ಕಡಿಯಿರಿ.

ಹಂತ 5: ಆದಾಯ ಮತ್ತು ವಿಮೆಯನ್ನು ಒಂದೇ ಚೌಕಟ್ಟಿಗೆ ತುರುಕಬೇಡಿ. ಕಂಪನಿ ಕಟ್ಟುವ ಪ್ರೀಮಿಯಂ ಆಗಲಿ, ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಆಗಲಿ ತೆರಿಗೆಗೆ ಮುಂಚಿನ ಗಿನಿಯ ಆದಾಯದಲ್ಲಿ ಸೇರಿಲ್ಲ. ಬಡ ಮನೆಯೊಂದಕ್ಕೆ ಹೊಸದಾಗಿ ಮೆಡಿಕೇಡ್ ಸಿಕ್ಕಿ ಆಸ್ಪತ್ರೆ ಬಿಲ್ ತಪ್ಪಿದರೂ ಆ ಮನೆಯ ಆದಾಯ ಅಲ್ಲಿ ಒಂದು ಡಾಲರ್ ಕೂಡ ಏರುವುದಿಲ್ಲ. ಎರಡು ಗ್ರಾಫ್ ಮಾಡಿ, ಒಂದರ ಕೆಳಗೊಂದು ಇಟ್ಟು, ವರ್ಷಗಳನ್ನು ನೇರಕ್ಕೆ ಹೊಂದಿಸಿ.